ಹೂವಿಗೆ ಹೂವು ಕೂಡಿದರೇನೇ ಚೆಂದ

ಚನ್ನಪಟ್ಟಣದ ನಮ್ಮ ಮನೆ ಹಾಲ್ 14 ಅಡಿ ಅಗಲ, ರಾಮನಗರದಿಂದ ತಂದ ಹೂವಿನ ಕಾರ್ಪೆಟ್ ರೋಲ್ 12 ಅಡಿ. ಜೋಡಿಸಲೇಬೇಕಿತ್ತು. ಅವಸರದ ಕೆಲಸ, ಅರ್ಧ ಹೂವು ಇಲ್ಲಿ, ಇನ್ನರ್ಧ ಅಲ್ಲಿ! ತಿಂಗಳಲ್ಲೇ ಅಂಚು ಎದ್ದು, ಅತ್ತೆ ಎಡವಿ ಬಿದ್ದರು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ.

ಎರಡನೇ ಸಲ ನಾನೇ ನಿಂತು ಹಾಕಿಸಿದೆ. ನೀವೂ ಗಮನಿಸಿ: ಡಿಸೈನ್ 2 ಅಡಿಗೊಮ್ಮೆ ಮರುಕಳಿಸುತ್ತಿದ್ದರೆ, ಸೇರಿಸುವ ತುಂಡು ಅಷ್ಟು ಉದ್ದ ಹೆಚ್ಚಿರಲಿ. ಎರಡೂ ಒಂದೇ ರೋಲ್‌ನದ್ದಾಗಿರಲಿ. ಎಳೆಗಳು ಒಂದೇ ದಿಕ್ಕಿಗೆ ಮಲಗಿರಬೇಕು, ಇಲ್ಲದಿದ್ದರೆ ಬಣ್ಣವೇ ಬೇರೆ ಕಾಣುತ್ತೆ. ಅಂಟಿಸುವ ಮುಂಚೆ ಹಾಸಿ, ಬಾಗಿಲಲ್ಲಿ ನಿಂತು ನೋಡಿ. ಜೋಡಣೆ ಓಡಾಡುವ ಜಾಗಕ್ಕೆ ಬರಬಾರದು. ಕತ್ತರಿಸಿದ ಅಂಚಿಗೂ ಅಂಟು ಸವರಿಸಿ, ನೂಲು ಬಿಡಲ್ಲ.

ಈಗ ಜೋಡಣೆ ಎಲ್ಲಿದೆ ಅಂತ ಅತ್ತೆಯೇ ಹುಡುಕ್ತಾರೆ!