ಮಾಳಿಗೆಯ ಮೇಲಣ ತಂತಿ

ಕಳೆದ ಚೈತ್ರಮಾಸದಲ್ಲಿ ನಮ್ಮ ಬೀದಿಯಲ್ಲಿ ಒಂದು ತಂತಿಯ ವ್ಯಾಜ್ಯ ಹುಟ್ಟಿತು. ನಾವು ವಾಸವಾಗಿರುವುದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. ನಮ್ಮ ಮನೆಯಿಂದ ಮೂರನೆಯ ಮನೆಯ ತರುಣರೊಬ್ಬರು ತಮ್ಮ ಮಾಳಿಗೆಯ ಮೇಲೆ ಒಂದು ಬಿದಿರಿನ ಗಳವನ್ನು ನಿಲ್ಲಿಸಿ, ಅದರ ತುದಿಯಿಂದ ತಾಮ್ರದ ತಂತಿಯನ್ನು ಎರಡು ಕಡೆಗೂ ಇಳಿಬಿಟ್ಟು, ಒಂದು ಕೊನೆಯನ್ನು ತೆಂಗಿನ ಮರಕ್ಕೂ ಮತ್ತೊಂದನ್ನು ಹಿತ್ತಿಲ ಗೋಡೆಯ ಗೂಟಕ್ಕೂ ಕಟ್ಟಿದರು. ಬಟ್ಟೆ ಹರವುವುದಕ್ಕಾಗಿರಬೇಕೆಂದು ಮೊದಲು ಎಲ್ಲರೂ ಭಾವಿಸಿದೆವು. ವಾರ ಕಳೆದರೂ ಅದರ ಮೇಲೆ ಒಂದು ಪಂಚೆಯೂ ಬೀಳಲಿಲ್ಲ. ರಾತ್ರಿ ಹತ್ತು ಗಂಟೆಯಾದ ಮೇಲೂ ಆ ಮನೆಯ ಮೇಲಣ ಕೋಣೆಯಿಂದ ಕೀಚುಕೀಚೆಂಬ ಸದ್ದು ಮಾತ್ರ ಕೇಳಿಬರುತ್ತಿತ್ತು.

ಬೀದಿಯಲ್ಲಿ ಮಾತು ಬೆಳೆಯಿತು. ಭರಣಿ ಮಳೆಯ ಗುಡುಗು ಸಮೀಪಿಸುತ್ತಿದೆ, ಈ ತಂತಿ ಸಿಡಿಲನ್ನು ಕರೆತಂದೀತು ಎಂದರು ಒಬ್ಬರು. ತಮ್ಮ ಮನೆಯ ಧ್ವನಿಪೆಟ್ಟಿಗೆಯಲ್ಲಿ ಗೊರಗೊರ ಶಬ್ದವಾಗುವುದೆಂದರು ಮತ್ತೊಬ್ಬರು. ಒಂದು ಮನೆಯ ಕೂಸಿಗೆ ನಿದ್ರೆ ಬಾರದುದಕ್ಕೂ ಅದೇ ಕಾರಣವಾಯಿತು. ಎದುರುಮನೆಯ ಯಜಮಾನರಂತೂ ದನಿಯನ್ನು ತಗ್ಗಿಸಿ, ಪರದೇಶದವರೊಡನೆ ಏನೋ ಗುಟ್ಟಿನ ಮಾತು ನಡೆಯುತ್ತಿರಬಹುದೆಂದರು. ಕಡೆಗೆ ಆ ತರುಣರ ತಂದೆಯವರಿಗೆ ಒಂದು ಮನವಿಪತ್ರವನ್ನು ಕೊಡುವುದೆಂದು ನಿಶ್ಚಯವಾಗಿ, ಅದನ್ನು ಬರೆಯುವ ಕೆಲಸ ನಮ್ಮ ತಲೆಗೆ ಬಂತು. ಜೀವಮಾನವೆಲ್ಲ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ಮೇಷ್ಟರು ಕಾಗದ ಬರೆಯಲಾರೆನೆಂದು ಹೇಗೆ ಹೇಳಿಯಾರು? ನಾಲ್ಕು ಆಕ್ಷೇಪಣೆಗಳನ್ನೂ ತೂಕವಾಗಿ ಬರೆದೆವು. ನಿಜ ಹೇಳುವುದಾದರೆ, ಬರೆದುದನ್ನು ಓದಿಕೊಂಡು ಸ್ವಲ್ಪ ಹಿಗ್ಗಿದೆವು ಕೂಡ. ಮೊದಲನೆಯ ಸಹಿಯೂ ನಮ್ಮದೇ.

ಆದರೆ ಒಬ್ಬ ಗೃಹಸ್ಥರ ಮೇಲೆ ದೂರನ್ನು ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ ಬರುವುದು ನಮಗೆ ಒಗ್ಗಲಿಲ್ಲ. ಒಂದು ಭಾನುವಾರ ಸಾಯಂಕಾಲ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ನಾವೇ ಹೋದೆವು. ತಂದೆಯವರು ಊರಿನಲ್ಲಿರಲಿಲ್ಲ. ತಾಯಿಯವರು, "ಮೇಲೆ ಇಬ್ಬರೂ ಜಗಳವಾಡುತ್ತಿದ್ದಾರೆ ಮೇಷ್ಟರೇ, ತಾವಾದರೂ ಬುದ್ಧಿ ಹೇಳಿ" ಎಂದು ಮೆಟ್ಟಿಲನ್ನು ತೋರಿಸಿದರು.

ಮೇಲೆ ಜಗಳವೇ ನಡೆದಿತ್ತು. ಒಂದು ಕಡೆ ಆ ತರುಣರು. ಇನ್ನೊಂದು ಕಡೆ ಎಪ್ಪತ್ತನ್ನು ದಾಟಿದ ಹಿರಿಯರೊಬ್ಬರು. ಹಿರಿಯರು ತಂತಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರಂತೆ. 2013ನೆಯ ಇಸವಿ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ತಂತಿಸಮಾಚಾರವೆಂಬುದೇ ನಿಂತುಹೋಯಿತಷ್ಟೆ. ಅಂದು ತಮ್ಮ ಮನೆಯಲ್ಲಿ ಒಲೆ ಹಚ್ಚಲು ಮನಸ್ಸಾಗಲಿಲ್ಲವೆಂದು ಅವರು ಆಮೇಲೆ ಹೇಳಿದರು. ನಡುವೆ ಮೇಜಿನ ಮೇಲೆ ಒಂದು ರೇಡಿಯೋ ಯಂತ್ರ, ಒಂದು ಕಂಪ್ಯೂಟರು, ಮರದ ಹಲಗೆಗೆ ಬಿಗಿದ ಒಂದು ಹಿತ್ತಾಳೆಯ ಕೀಲಿ.

ಇವರ ಹವ್ಯಾಸವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ನಮ್ಮ ಮನೆಗಳಲ್ಲಿದ್ದ ರೇಡಿಯೋ ಕೇಳುವುದನ್ನು ಮಾತ್ರ ಬಲ್ಲದು. ಅದಕ್ಕೂ ಒಂದು ಕಾಲದಲ್ಲಿ ಅಂಚೆಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಪುಸ್ತಕದಲ್ಲಿ ಬರೆಯಿಸಬೇಕಾಗಿದ್ದುದು ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಈ ಹವ್ಯಾಸಿಗಳಾದರೋ ಕೇಳುವುದರೊಡನೆ ಹೇಳುವುದನ್ನೂ ಮಾಡತಕ್ಕವರು. ಸರ್ಕಾರದ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಿ ಅನುಜ್ಞೆಯನ್ನು ಪಡೆದರೆ ಪ್ರತಿಯೊಬ್ಬರಿಗೂ ಒಂದು ಸಂಕೇತನಾಮ ದೊರೆಯುತ್ತದೆ. ಭಾರತದವರದು ಸಾಮಾನ್ಯವಾಗಿ 'ವಿಯು' ಎಂಬ ಅಕ್ಷರಗಳಿಂದ ಮೊದಲಾಗುವುದು. ಇವರು ವ್ಯಾಪಾರದ ಮಾತನಾಡಕೂಡದು, ಹಾಡನ್ನು ಹರಡಕೂಡದು, ಗೂಢಭಾಷೆಯನ್ನು ಬಳಸಕೂಡದು. ಆಡಿದುದನ್ನೆಲ್ಲ ಜಗತ್ತಿನಲ್ಲಿ ಯಾರು ಬೇಕಾದರೂ ಕೇಳಬಹುದು. ಈ ಮಾತನ್ನು ಕೇಳಿದೊಡನೆಯೇ ನಮ್ಮ ಜೇಬಿನಲ್ಲಿದ್ದ ನಾಲ್ಕನೆಯ ಆಕ್ಷೇಪಣೆ ಸತ್ತಿತು. ಗುಟ್ಟನ್ನು ಹೇಳಬೇಕಾದವನು ಊರ ನಡುವಣ ಜಗಲಿಯನ್ನು ಆರಿಸಿಕೊಳ್ಳುವನೇ?

ಇನ್ನು ಅವರ ಜಗಳ. ಮೋರ್ಸ್ ಎಂಬ ಚುಕ್ಕೆಗೆರೆಗಳ ಲಿಪಿಯನ್ನು ಕಿವಿಯಿಂದ ಕೇಳಿ ಕೈಯಿಂದ ಕುಟ್ಟಬಲ್ಲವನೇ ಹವ್ಯಾಸಿಯೆಂಬುದು ಹಿರಿಯರ ವಾದ. ಹಿಂದೆ ಎಲ್ಲ ದೇಶಗಳಲ್ಲಿಯೂ ದೂರದ ಸಂಭಾಷಣೆಗೆ ಈ ವಿದ್ಯೆ ಕಡ್ಡಾಯವಾಗಿದ್ದಿತು. 2003ರಲ್ಲಿ ಜಿನೀವಾ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಸಮ್ಮೇಳನವು ಅದನ್ನು ಆಯಾ ದೇಶದ ಇಷ್ಟಕ್ಕೆ ಬಿಟ್ಟುಕೊಟ್ಟಿತು. ಅಮೆರಿಕದವರು 2007ರಲ್ಲಿ ಪರೀಕ್ಷೆಯಿಂದ ಅದನ್ನು ಪೂರ್ತಿಯಾಗಿ ತೆಗೆದುಹಾಕಿದರು. ನಮ್ಮವರು ಆಮೇಲೆಯೂ ಮೇಲಣ ದರ್ಜೆಯ ಪರೀಕ್ಷೆಯಲ್ಲಿ ಉಳಿಸಿಕೊಂಡರು.

ತರುಣರು ಹಿಡಿದ ದಾರಿ ಬೇರೆ. 2017ರಲ್ಲಿ ಜೋ ಟೇಲರ್, ಸ್ಟೀವ್ ಫ್ರಾಂಕ್ ಎಂಬ ಇಬ್ಬರು ಹವ್ಯಾಸಿಗಳು 'ಎಫ್‌ಟಿ8' ಎಂಬ ಒಂದು ಹೊಸ ವಿಧಾನವನ್ನು ರಚಿಸಿದರು. ಈ ಟೇಲರ್ ಸಾಮಾನ್ಯರಲ್ಲ. ಭೌತಶಾಸ್ತ್ರದಲ್ಲಿ 1993ನೆಯ ಇಸವಿಯ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು. ಅವರ ವಿಧಾನದಲ್ಲಿ ಕಂಪ್ಯೂಟರು ಎಂಟು ಸ್ವರಗಳನ್ನು ಹೆಣೆದು ಹದಿನೈದು ಹದಿನೈದು ಸೆಕೆಂಡುಗಳ ಸರದಿಯಲ್ಲಿ ಕಳುಹಿಸುತ್ತದೆ. ಆ ಕಡೆಯ ಕಂಪ್ಯೂಟರು ಅದನ್ನು ಬಿಡಿಸಿಕೊಳ್ಳುತ್ತದೆ. ಮನುಷ್ಯನ ಕಿವಿಗೆ ಬರಿಯ ಗದ್ದಲವೆಂದು ತೋರುವಲ್ಲಿಯೂ ಅದಕ್ಕೆ ಅಕ್ಷರ ಸಿಕ್ಕುತ್ತದೆ.

"ಇಬ್ಬರು ಆಳುಗಳು ಸಂತೆಯಲ್ಲಿ ಸಂಧಿಸಿ ತಮ್ಮ ತಮ್ಮ ಯಜಮಾನರ ಹೆಸರು ಹೇಳಿಕೊಂಡ ಹಾಗಾಯಿತು. ಯಜಮಾನನೇನು ಮಾಡುತ್ತಿದ್ದನಯ್ಯಾ? ಕಾಫಿ ಕುಡಿಯುತ್ತಿದ್ದನೋ?" ಎಂದರು ಹಿರಿಯರು.

"ತಮ್ಮ ಕಾಲದಲ್ಲಿ ಬೀದಿ ಹೀಗಿರಲಿಲ್ಲ ಸಾರ್" ಎಂದರು ತರುಣರು. "ಈಗ ಮನೆಮನೆಯ ಎಲ್‌ಇಡಿ ದೀಪವೂ ಇನ್ವರ್ಟರೂ ಗಾಳಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಆ ಮೂರನೆಯ ಮನೆಯಲ್ಲಿ ಮೆಟ್ಟಿಲ ಬಳಿ ಒಂದು ಹೊಸ ದೀಪ ಹಾಕಿಸಿದ್ದಾರೆ. ಅದು ಉರಿಯಿತೆಂದರೆ ನನ್ನ ಯಂತ್ರ ಕಿವುಡಾಗುತ್ತದೆ."

ಆ ಮನೆ ನಮ್ಮದು. ದೀಪವೂ ನಮ್ಮದೇ, ಯುಗಾದಿಗೆ ಹಾಕಿಸಿದುದು. ತರುಣರಿಗೆ ಈ ವಿಷಯ ಮಾತನಾಡಿದ ಮೇಲೆ ಹೊಳೆದು ಅವರ ಮುಖ ಕೆಂಪೇರಿತು. ನಾವು ಜೇಬನ್ನು ಮುಟ್ಟಿ ನೋಡಿಕೊಂಡು ಸುಮ್ಮನಾದೆವು.

ಹಿರಿಯರನ್ನು ಹಳಬರೆಂದು ಎಣಿಸುವುದೂ ಸರಿಯಲ್ಲ. ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯವರು ಈ ಹವ್ಯಾಸಿಗಳಿಗಾಗಿಯೇ ನಲವತ್ತೆರಡೂವರೆ ಕಿಲೋಗ್ರಾಂ ತೂಕದ 'ಹ್ಯಾಮ್‌ಸ್ಯಾಟ್' ಎಂಬ ಉಪಗ್ರಹವನ್ನು ನಿರ್ಮಿಸಿ 2005ನೆಯ ಮೇ 5ರಂದು ಹಾರಿಬಿಟ್ಟರಷ್ಟೆ. ಅದು 2014ರವರೆಗೂ ಬದುಕಿತ್ತು. ಅದು ಮೈಸೂರಿನ ನೆತ್ತಿಯ ಮೇಲೆ ಹಾಯುವ ಕೆಲವು ನಿಮಿಷಗಳಿಗಾಗಿ ತಾವು ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕಾಯುತ್ತಿದ್ದುದನ್ನು ಅವರು ಹೇಳುವಾಗ ಮೊಗದಲ್ಲಿ ಬಾಲಕನ ಕಳೆಯಿತ್ತು. ಅವರ ಕೋಪ ಯಂತ್ರದ ಮೇಲಲ್ಲ. ಕೇಳುವವನಿಲ್ಲದ ಯಂತ್ರದ ಮೇಲೆ.

ವಾದವನ್ನು ತೀರಿಸಲೋ ಎಂಬಂತೆ ಅವರು ಕೀಲಿಯನ್ನು ಮುಂದಕ್ಕೆಳೆದುಕೊಂಡು ಕುಟ್ಟತೊಡಗಿದರು. "ಕೇಳಿ ಮೇಷ್ಟರೇ. ಚುಕ್ಕೆಗೆ ಒಂದು ಕಾಲ, ಗೆರೆಗೆ ಮೂರು ಕಾಲ. ಅಕ್ಷರದಿಂದ ಅಕ್ಷರಕ್ಕೆ ಮೂರು, ಪದದಿಂದ ಪದಕ್ಕೆ ಏಳು."

ಒಂದು ಮಾತ್ರೆಯದು ಹ್ರಸ್ವ, ಎರಡರದು ದೀರ್ಘ, ಮೂರರದು ಪ್ಲುತ. ವ್ಯಾಕರಣದಲ್ಲಿ ಕೋಳಿಯ ಕೂಗನ್ನು ಉದಾಹರಿಸಿ ಹುಡುಗರಿಗೆ ಎಷ್ಟು ಸಲ ಇದನ್ನು ಹೇಳಿಕೊಟ್ಟಿಲ್ಲ! ಈ ಗೆರೆಯೆಂಬುದು ಪ್ಲುತವೇ ಸರಿ. ಹಾಗೆಂದುಕೊಳ್ಳುತ್ತಿರುವಾಗಲೇ ಇನ್ನೊಂದು ವಿಷಯ ಹೊಳೆಯಿತು. ಮೂರು ಮೂರು ಗುರುತುಗಳ ಅಕ್ಷರಗಳು ಮೋರ್ಸಿನಲ್ಲಿ ಎಷ್ಟು ಎಂದು ಕೇಳಿದೆವು. ಹಿರಿಯರು ಬೆರಳು ಮಡಿಸಿ ಎಂಟು ಎಂದರು. ಎಂಟಲ್ಲದೆ ಮತ್ತೆಷ್ಟಾದೀತು? ಲಘು ಗುರುಗಳನ್ನು ಮೂರು ಸ್ಥಾನಗಳಲ್ಲಿ ಹೂಡಿದರೆ ಎಂಟು ಗಣಗಳು ಬರುವುವೆಂದು ಪಿಂಗಳನ ಛಂದಶ್ಶಾಸ್ತ್ರವನ್ನು ಬಲ್ಲವರೆಲ್ಲರೂ ಬಲ್ಲರು. ಮೂರು ಚುಕ್ಕೆಗಳ 'ಎಸ್' ನಗಣ. ಮೂರು ಗೆರೆಗಳ 'ಓ' ಮಗಣ. 'ಡಿ' ಭಗಣ, 'ಕೆ' ರಗಣ, 'ಆರ್' ಜಗಣ, 'ಡಬ್ಲ್ಯು' ಯಗಣ, 'ಜಿ' ತಗಣ. ಭಾರತದ ಸಂಕೇತನಾಮದಲ್ಲಿ ಬರುವ 'ಯು' ಸಗಣ. ಮುಳುಗುತ್ತಿರುವ ಹಡಗಿನವನು 'ಎಸ್ ಓ ಎಸ್' ಎಂದು ಕೂಗುವಾಗ ನಗಣ ಮಗಣ ನಗಣಗಳನ್ನು ಪ್ರಸ್ತಾರ ಹಾಕುತ್ತಿರುವನೆಂದಾಯಿತು. ಮೋರ್ಸ್ ಮಹಾಶಯನು ನಮ್ಮ ಶಾಸ್ತ್ರವನ್ನು ನೋಡಿ ಕಲಿತನೆಂದು ನಾವು ಹೇಳುವುದಿಲ್ಲ. ಅಂಥ ಮಾತನ್ನು ಈಗ ಆಡುವವರು ಬೇಕಾದಷ್ಟು ಮಂದಿ ಇದ್ದಾರೆ. ಎರಡು ಗುರುತುಗಳನ್ನು ಮೂರು ಮನೆಗಳಲ್ಲಿ ಯಾರು ಇಟ್ಟರೂ ಎಂಟೇ.

ಈ ಸಂತೋಷದ ನಡುವೆಯೇ ನಮಗೆ ಒಂದು ಮುಖ ನೆನಪಿಗೆ ಬಂತು.

ಮೂವತ್ತು ವರ್ಷಗಳ ಹಿಂದಿನ ಸಂಗತಿ. ಒಂದು ಶಾಲೆಯಲ್ಲಿ ನಾವು ಒಂಬತ್ತನೆಯ ತರಗತಿಗೆ ಇದೇ ಗಣಗಳನ್ನು ಪಾಠ ಮಾಡುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗನೊಬ್ಬನು ಪೆನ್ಸಿಲಿನಿಂದ ಮೇಜನ್ನು ಕುಟ್ಟುತ್ತಿದ್ದನು. ಒಮ್ಮೆ ಗದರಿದೆವು, ನಿಲ್ಲಿಸಿದನು. ಮತ್ತೆ ಕುಟ್ಟಿದನು. "ಏನದು?" ಎಂದರೆ, "ಗಣ ಸಾರ್, ಇದನ್ನು ತಂತಿಯಲ್ಲಿ ಕಳುಹಿಸಬಹುದು" ಎಂದನು. ತರಗತಿ ನಕ್ಕಿತು. ನಮ್ಮನ್ನು ಹಾಸ್ಯ ಮಾಡುತ್ತಿರುವನೆಂದು ತಿಳಿದು ಕಿವಿ ಹಿಡಿದು ಹೊರಗೆ ನಿಲ್ಲಿಸಿದೆವು. ಅಷ್ಟೇ ಅಲ್ಲ, ತಂದೆಯನ್ನು ಕರೆಯಿಸಿ, ಹುಡುಗನಿಗೆ ಪಾಠದಲ್ಲಿ ಗಮನವಿಲ್ಲವೆಂದು ಹೇಳಿದೆವು. ಆ ತಂದೆ ಬಡವರು, ಒರಟರು. ಮನೆಯಲ್ಲಿ ಏನು ನಡೆಯಿತೋ ಊಹಿಸಬಲ್ಲೆವು. ಹುಡುಗನು ಮತ್ತೆ ಕುಟ್ಟಲಿಲ್ಲ. ಆ ವರ್ಷ ನಮ್ಮ ಪಾಠದಲ್ಲಿ ಅಷ್ಟು ಗಮನವಿಟ್ಟವನು ಅವನೊಬ್ಬನೇ ಆಗಿದ್ದನೆಂಬುದು ಮೂವತ್ತು ವರ್ಷಗಳ ಮೇಲೆ ಪರರ ಮಾಳಿಗೆಯಲ್ಲಿ ನಮಗೆ ತಿಳಿಯಿತು. ಅವನ ಹೆಸರು ನಮಗೆ ನೆನಪಿಲ್ಲ. ಕಿವಿ ಮಾತ್ರ ನೆನಪಿದೆ.

ನಾವು ಮನವಿಪತ್ರವನ್ನು ತೆಗೆದು ಮೇಜಿನ ಮೇಲಿಟ್ಟು ಬಂದ ಕಾರಣವನ್ನು ಹೇಳಿದೆವು. ಹಿರಿಯರು ಕನ್ನಡಕವನ್ನು ಏರಿಸಿಕೊಂಡು ಆದ್ಯಂತವಾಗಿ ಓದಿ, "ಕನ್ನಡ ಚೆನ್ನಾಗಿದೆ ಮೇಷ್ಟರೇ. ಆದರೆ ಒಂಟಿಕೊಪ್ಪಲಿನಲ್ಲಿ ನಿಂತು ತಂತಿ ಬೇಡವೆನ್ನಬಹುದೇ?" ಎಂದರು.

ಅವರ ಮಾತಿನ ಅರ್ಥವನ್ನು ಮೈಸೂರಿಗರು ಬಲ್ಲರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರ್ 10ರಂದು ಬಾನುಲಿಯನ್ನು ಪ್ರಾರಂಭಿಸಿದುದು ಇಲ್ಲಿಯೇ, 'ವಿಠಲ ವಿಹಾರ'ವೆಂಬ ತಮ್ಮ ಮನೆಯಲ್ಲಿ. ಅದರ ಪ್ರೇಷಕಯಂತ್ರದ ಶಕ್ತಿ ಮೂವತ್ತು ವಾಟ್, ಅಂದರೆ ಒಂದು ಹಳೆಯ ಕಾಲದ ಗಾಜಿನ ಬುರುಡೆಯಷ್ಟು. ಅವರು ತಂತ್ರಜ್ಞರಲ್ಲ; ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ವಿದ್ವಾಂಸರ ಬಳಿ ಮನಸ್ಸಿನ ವಿಚಾರವನ್ನು ಓದಿಬಂದವರು. ಸರ್ಕಾರದ ಬಾನುಲಿಗೆ 'ಆಲ್ ಇಂಡಿಯಾ ರೇಡಿಯೋ' ಎಂದು ಹೆಸರಾದುದು 1936ರಲ್ಲಿ. ಅದಕ್ಕೆ ಮೊದಲೇ ಇಲ್ಲಿ ಒಬ್ಬ ಮೇಷ್ಟರ ಮನೆಯಿಂದ ಮೈಸೂರು ಮಾತನಾಡಿತ್ತು. ಆಮೇಲೆ ಅದನ್ನು ಮೈಸೂರು ಸಂಸ್ಥಾನವೂ, 1950ರಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡಿತು. 1955ರಲ್ಲಿ ನಿಲಯವು ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬರಲು ಬಹುಕಾಲ ಹಿಡಿಯಿತು.

ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರನ್ನು ನಾ. ಕಸ್ತೂರಿಯವರು ಸೂಚಿಸಿದರೆಂದು ಹೇಳುವರು. ಮುಂದೆ ದೇಶಕ್ಕೆಲ್ಲ ಅದೇ ಹೆಸರಾಯಿತು. ತರ್ಕಶಾಸ್ತ್ರದಲ್ಲಿ ಶಬ್ದವು ಆಕಾಶದ ಗುಣವೆಂದು ನಾವು ಓದಿದ್ದೇವೆ. ತಂತಿಯಿಂದ ಹೊರಡುವುದು ಶಬ್ದವೇ ಅಲ್ಲ, ಬೆಳಕಿನ ಜಾತಿಯ ಅಲೆ. ಅದಕ್ಕೆ ಗಾಳಿಯೂ ಬೇಡವೆಂದು ತರುಣರು ತಿದ್ದಿದರು. ನೂರಾರು ಕಿಲೋಮೀಟರು ಮೇಲಿರುವ ಅಯಾನುಮಂಡಲದಿಂದ ಅದು ಬಾಗಿ ಮರಳಿ ದೂರದ ನೆಲಕ್ಕೆ ಇಳಿಯುವುದಂತೆ. ಅವರ ಅಲೆಯ ಉದ್ದ ಸುಮಾರು ನಲವತ್ತು ಮೀಟರು. ತಂತಿ ಅದರ ಅರ್ಧದಷ್ಟಿರಬೇಕಾದುದರಿಂದಲೇ ತೆಂಗಿನ ಮರದವರೆಗೂ ಎಳೆಯಬೇಕಾಯಿತು.

ಆಮೇಲೆ ಮೂವರೂ ಕುಳಿತು ಪತ್ರವನ್ನು ಒಂದೊಂದಾಗಿ ವಿಚಾರಿಸಿದೆವು. ಕೂಸಿನ ನಿದ್ರೆಗೂ ಅಷ್ಟು ಎತ್ತರದಲ್ಲಿರುವ ಇಷ್ಟು ಅಲ್ಪಶಕ್ತಿಯ ತಂತಿಗೂ ಸಂಬಂಧವನ್ನು ಕಾಣೆವು. ಧ್ವನಿಪೆಟ್ಟಿಗೆಯ ಗೊರಗೊರ ನಿಜವಾಗಿಯೂ ಇದರದೇ ಇರಬಹುದೆಂದು ತರುಣರು ಒಪ್ಪಿ, ಅದರ ತಂತಿಗೆ ತೊಡಿಸಲು ಫೆರೈಟ್ ಎಂಬ ಕಪ್ಪು ಬಳೆಯೊಂದನ್ನು ಕೊಟ್ಟರು. ಮರುದಿನವೇ ಸದ್ದು ಬಹುಮಟ್ಟಿಗೆ ಅಡಗಿತು. ಸಿಡಿಲಿನ ಮಾತನ್ನು ಮಾತ್ರ ನಾವು ಬಿಡಲಿಲ್ಲ. ಗುಡುಗು ಕೇಳಿದೊಡನೆ ತಂತಿಯನ್ನು ಯಂತ್ರದಿಂದ ಕಳಚುತ್ತೇನೆಂದರು ತರುಣರು. ಕಳಚಿ ಎಲ್ಲಿಡುವಿರೆಂದು ಕೇಳಿದೆವು. ಕಿಟಕಿಯ ಬಳಿ ಎಂದರು. ಹಿರಿಯರು ಎದ್ದು ನಿಂತರು. ನೆಲಕ್ಕೆ ಭೂಸಂಪರ್ಕದ ಸರಳನ್ನೇ ಹೂಳದೆ ಒಂದು ತಿಂಗಳು ಕಳೆದವನಿಗೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಭರಣಿ ಮಳೆ ಹಿಡಿಯುವುದರೊಳಗಾಗಿ ತಾಮ್ರದ ಸರಳು ಹಿತ್ತಿಲಿನಲ್ಲಿ ಇಳಿಯಿತು; ನಾವೇ ನಿಂತು ನೋಡಿದೆವು.

ಇದರಿಂದ ಪ್ರಯೋಜನವೇನೆಂದು ಎದುರುಮನೆಯವರು ಈಗಲೂ ಕೇಳುತ್ತಾರೆ. 2004ನೆಯ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ಮಹಿಳೆಯೂ ಅವರ ಸಂಗಡಿಗರೂ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿ, ದೂರದ ಹವ್ಯಾಸಿಗಳೊಡನೆ ಮಾತನಾಡುವ ವಿನೋದಕ್ಕಾಗಿ ಯಂತ್ರವನ್ನು ಹೂಡಿದ್ದರು. 26ರ ಬೆಳಗ್ಗೆ ಭೂಮಿ ನಡುಗಿ, ಸಮುದ್ರ ಉಕ್ಕಿ, ದೂರವಾಣಿಗಳು ಮೂಕವಾದುವು. ಆಗ ವಿನೋದದ ಯಂತ್ರವೇ ದ್ವೀಪಗಳ ಕುಶಲವನ್ನು ದಿನಗಟ್ಟಲೆ ಹೊತ್ತುತಂದಿತು. ತಮ್ಮವರು ಬದುಕಿರುವರೆಂಬ ಒಂದು ಸಾಲಿಗಾಗಿ ಈ ದಡದಲ್ಲಿ ಎಷ್ಟು ಮನೆಗಳು ಕಾಯುತ್ತಿದ್ದುವೋ! ಎದುರುಮನೆಯವರು ಕೇಳಿ, "ಹೂಂ" ಎಂದರು. ಸಹಿಯನ್ನು ಹೊಡೆದುಹಾಕಲು ಅವರು ಒಪ್ಪಲಿಲ್ಲ. ನಾವು ನಮ್ಮದನ್ನು ಹೊಡೆದುಹಾಕಿದೆವು.

ಮೆಟ್ಟಿಲ ದೀಪವನ್ನೂ ಬದಲಾಯಿಸಿದೆವು. ಹಿರಿಯರೂ ತರುಣರೂ ಭಾನುವಾರದ ಜಗಳವನ್ನು ಬಿಟ್ಟಿಲ್ಲ. ಹಿರಿಯರು ತಮ್ಮ ಹಳೆಯ ಕೀಲಿಯೊಂದನ್ನು ಅಭ್ಯಾಸಕ್ಕೆಂದು ನಮಗೆ ಕೊಟ್ಟಿದ್ದಾರೆ. ಗಣಗಳ ದೆಸೆಯಿಂದ ಎಂಟು ಅಕ್ಷರಗಳು ಒಂದೇ ರಾತ್ರಿಯಲ್ಲಿ ಬಂದುವು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಕುಟ್ಟುತ್ತಿದ್ದರೆ ಒಳಗಿನಿಂದ, "ಏನದು ಸದ್ದು?" ಎಂಬ ಪ್ರಶ್ನೆ ಬರುತ್ತದೆ. ಇನ್ನು ಹದಿನೆಂಟು ಅಕ್ಷರಗಳಿವೆ.