ಮೊದಲು ಆಯಿಲ್, ಆಮೇಲೆ ಅಶ್ವಶಕ್ತಿ

ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಎಂಜಿನ್ 2,568 ಸಿಸಿ. ಎರಡೂವರೆ ಲೀಟರೂ ಅಲ್ಲ, ಮೂರು ಲೀಟರೂ ಅಲ್ಲ. ಈ ವಿಚಿತ್ರ ಅಳತೆ ಬಂದದ್ದು ಕಾರ್ ರೇಸಿನ ನಿಯಮಪುಸ್ತಕದಿಂದ. ಆಗಿನ ಗ್ರೂಪ್ ಎ ಪಂದ್ಯಗಳಲ್ಲಿ ಟರ್ಬೊ ಇರುವ ಎಂಜಿನ್ನಿನ ಗಾತ್ರವನ್ನು 1.7ರಿಂದ ಗುಣಿಸಿ, ಬಂದ ಉತ್ತರವನ್ನು ನೋಡಿ ಕಾರಿನ ಕನಿಷ್ಠ ತೂಕವನ್ನೂ ಟೈರಿನ ಗರಿಷ್ಠ ಅಗಲವನ್ನೂ ಗೊತ್ತುಮಾಡುತ್ತಿದ್ದರು. 2,568ನ್ನು 1.7ರಿಂದ ಗುಣಿಸಿದರೆ ಸುಮಾರು 4,366. 4,500ರ ಗೆರೆಯೊಳಗೆ ಸರಿಯಾಗಿ ಕೂರುತ್ತದೆ. ಹೀಗೆ ಗೆಲ್ಲುವುದಕ್ಕೆಂದೇ ಲೆಕ್ಕ ಹಾಕಿ ಕಟ್ಟಿದ ಕಾರು 1989ರ ಆಗಸ್ಟಿನಲ್ಲಿ ಜಪಾನಿನ ರಸ್ತೆಗಿಳಿಯಿತು. ಆರ್32 ಎಂಬುದು ಅದರ ಒಳಹೆಸರು. 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ಪಿನ 29 ಪಂದ್ಯಗಳನ್ನೂ ಅದು ಒಂದನ್ನೂ ಬಿಡದೆ ಗೆದ್ದಿತು. ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ 1991 ಮತ್ತು 1992ರ ಗೆಲುವೂ ಅದರದೇ. ಅಲ್ಲಿನ ಪತ್ರಿಕೆಯೊಂದು ಇಟ್ಟ ಗಾಡ್ಜಿಲ್ಲಾ ಎಂಬ ಅಡ್ಡಹೆಸರು ಇಂದಿಗೂ ಅಂಟಿಕೊಂಡಿದೆ. 1994ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಸುಮಾರು 44 ಸಾವಿರ ಕಾರುಗಳು ಹೊರಬಂದಿದ್ದವು.

ಅವುಗಳಲ್ಲಿ ಉಳಿದವು ಈಗ ಮೂವತ್ತು ವರ್ಷ ದಾಟಿದ ಮುದಿ ಯಂತ್ರಗಳು. ಜಪಾನ್, ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕಗಳ ಮನೆ ಗ್ಯಾರೇಜುಗಳಲ್ಲಿ ಅವನ್ನು ಬಿಚ್ಚಿ ಹೊಸದು ಮಾಡುವವರು ಬಹಳ ಮಂದಿ ಇದ್ದಾರೆ. ಅವರೊಳಗೆ ಒಂದು ಹಳೆಯ ಜಗಳವೂ ಇದೆ. ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ಬೋಲ್ಟು ಬದಲಾದರೂ ಅಪಚಾರ ಎನ್ನುವವರು ಒಂದು ಕಡೆ. ಇದು ಬಲ ಹೆಚ್ಚಿಸುವುದಕ್ಕೆಂದೇ ಹುಟ್ಟಿದ ಕಾರು, ದೊಡ್ಡ ಟರ್ಬೊ ಹಾಕದಿದ್ದರೆ ಅದಕ್ಕೇ ಅವಮಾನ ಎನ್ನುವವರು ಇನ್ನೊಂದು ಕಡೆ. ಈ ಜಗಳದ ನೆಲೆಯೇ ತಪ್ಪು ಎಂದು ನನ್ನ ವಾದ. ಇಷ್ಟು ಹಳೆಯ ಕಾರಿನಲ್ಲಿ ದುರಸ್ತಿಗೂ ಮಾರ್ಪಾಡಿಗೂ ನಡುವೆ ಗೆರೆ ಎಳೆಯಲು ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈಗ ಮಾಡಹೊರಟ ಬದಲಾವಣೆ ಕಾರಿನ ಯಾವ ದೌರ್ಬಲ್ಯಕ್ಕೆ ಉತ್ತರ? ಉತ್ತರವಿದ್ದರೆ ಅದು ಹೊಸ ಭಾಗವಾದರೂ ಜೀರ್ಣೋದ್ಧಾರವೇ. ಇಲ್ಲದಿದ್ದರೆ ಅಸಲಿ ಭಾಗ ಹಾಕಿದರೂ ಅಲಂಕಾರ ಮಾತ್ರ.

ಬಲದ ಆಸೆ ಎಲ್ಲಿಂದ ಹುಟ್ಟುತ್ತದೆ ಎನ್ನುವುದನ್ನು ಮೊದಲು ನೋಡಬೇಕು. ಆಗ ಜಪಾನಿನ ಕಂಪನಿಗಳ ನಡುವೆ ಯಾವ ಕಾರಿಗೂ 280ಕ್ಕಿಂತ ಹೆಚ್ಚು ಅಶ್ವಶಕ್ತಿ ತೋರಿಸಬಾರದೆಂಬ ಒಪ್ಪಂದವಿತ್ತು. ಅದು ಮುರಿದದ್ದು 2004ರಲ್ಲಿ. ಹಾಗಾಗಿ ಜಿಟಿ-ಆರ್‌ನ ಕಾಗದದ ಮೇಲೂ 280 ಎಂದೇ ಬರೆದಿತ್ತು. ಆದರೆ ಆರು ಸಿಲಿಂಡರುಗಳ ಆ ಕಬ್ಬಿಣದ ಬ್ಲಾಕನ್ನು ಕಟ್ಟಿದ್ದು ರೇಸಿನ 500ಕ್ಕೂ ಮೀರಿದ ಶಕ್ತಿಯನ್ನು ತಾಳಲೆಂದು. ರಸ್ತೆಯ ಕಾರಿನಲ್ಲಿ ಆ ಶಕ್ತಿಯನ್ನು ಕಟ್ಟಿಹಾಕಿದ್ದ ಸಾಧನಗಳಲ್ಲೊಂದು ಬೂಸ್ಟ್, ಅಂದರೆ ಟರ್ಬೊ ಒತ್ತಡದ ಹಿಡಿತಕ್ಕಿರುವ ರಬ್ಬರ್ ಹೋಸಿನೊಳಗಿನ ಒಂದು ಚಿಕ್ಕ ಬಿರಡೆ. ನಡುವೆ ಸೂಜಿ ತೂರುವಷ್ಟು ತೂತು, ಕಿರುಬೆರಳ ತುದಿಗಿಂತ ಸಣ್ಣದು. ಹೋಸನ್ನು ಕಳಚಿ ಅದನ್ನು ಹೊರಗೆಳೆದರೆ ಟರ್ಬೊದ ಒತ್ತಡ ಒಂದು ಬಾರ್ ಹತ್ತಿರ ಏರುತ್ತದೆ. ಹತ್ತು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ, ಕಾರು ಕೂಡಲೇ ಚುರುಕಾಗುತ್ತದೆ. ಮನೆಯಲ್ಲಿ ಕೈಹಾಕುವವರಲ್ಲಿ ಬಹಳ ಮಂದಿ ಮೊದಲು ಮಾಡುವುದು ಇದನ್ನೇ.

ಆ ಬಿರಡೆಯನ್ನು ಇಟ್ಟದ್ದಕ್ಕೆ ಒಪ್ಪಂದವಷ್ಟೇ ಕಾರಣವಾಗಿರಲಿಲ್ಲ. ಅಸಲಿ ಟರ್ಬೊಗಳ ಒಳಗೆ ಬಿಸಿ ಹೊಗೆಗೆ ತಿರುಗುವ ಚಕ್ರ ಪಿಂಗಾಣಿಯದು. ಲೋಹಕ್ಕಿಂತ ಹಗುರವಾದ್ದರಿಂದ ಬೇಗ ವೇಗ ಹಿಡಿಯುತ್ತದೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಓಗೊಡುತ್ತದೆ. ಆದರೆ ಒತ್ತಡವೂ ಶಾಖವೂ ಮಿತಿ ಮೀರಿದರೆ ಆ ಚಕ್ರ ತನ್ನ ದಂಡದಿಂದ ಕಿತ್ತುಕೊಂಡು ಚೂರಾಗುತ್ತದೆ. ಒಂದು ಬಾರ್ ಎನ್ನುವುದು ಆ ಮಿತಿಯ ಅಂಚು, ಅದೂ ಹೊಸ ಟರ್ಬೊಗೆ. ಮೂರು ದಶಕ ಸುಟ್ಟ ಪಿಂಗಾಣಿಯ ಮಿತಿ ಎಷ್ಟೆಂದು ಹೊರಗಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ರೇಸಿಗೆ ಹತ್ತಿರವಾಗಿ ತಯಾರಿಸಿದ ಎನ್1 ಮಾದರಿಯಲ್ಲಿ ನಿಸ್ಸಾನ್ ತಾನೇ ಪಿಂಗಾಣಿಯನ್ನು ಬಿಟ್ಟು ಲೋಹದ ಚಕ್ರ ಹಾಕಿತು. ಅಂದಮೇಲೆ, ಸವೆದ ಟರ್ಬೊ ತೆಗೆದು ಲೋಹದ ಚಕ್ರದ್ದನ್ನು ಹಾಕುವವರು ಕಾರಿನ ಅಸಲಿತನ ಕೆಡಿಸಿದರು ಎನ್ನುವುದು ಹೇಗೆ?

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಆಯಿಲ್ ಪಂಪಿನಲ್ಲಿದೆ. ಈ ಎಂಜಿನ್ನಿನಲ್ಲಿ ಪಂಪು ಕ್ರ್ಯಾಂಕ್ ದಂಡದ ಮೂತಿಯ ಮೇಲೇ ಕೂತಿರುತ್ತದೆ. ದಂಡದ ಎರಡು ಬದಿಗಳನ್ನು ಚಪ್ಪಟೆಯಾಗಿ ಕೆತ್ತಿರುತ್ತಾರೆ. ಆ ಚಪ್ಪಟೆ ಮುಖಗಳು ಪಂಪಿನ ಒಳ ಹಲ್ಲುಗಾಲಿಯನ್ನು ಹಿಡಿದು ತಿರುಗಿಸುತ್ತವೆ. ಮೊದಮೊದಲ ಆರ್32ಗಳಲ್ಲಿ ಈ ಮುಖಗಳ ಅಗಲ ತೀರಾ ಕಡಿಮೆ. ಗಾಲಿಯ ಪೂರ್ತಿ ದಪ್ಪಕ್ಕೆ ಆಧಾರ ಸಿಗದೆ ಒಂದು ಅಂಚಿನಲ್ಲಷ್ಟೇ ಭಾರ ಬೀಳುತ್ತದೆ. ಎಂಜಿನ್ 7,000, 8,000 ಸುತ್ತು ತಿರುಗುವಾಗ ಕ್ರ್ಯಾಂಕಿನ ನಡುಕವೆಲ್ಲ ಆ ಅಂಚಿಗೇ ಬಡಿಯುತ್ತದೆ, ಗಾಲಿ ಬಿರುಕು ಬಿಡುತ್ತದೆ. ಪಂಪು ನಿಂತರೆ ಬೇರಿಂಗುಗಳು ಒಣಗಿ ಎಂಜಿನ್ ಹಾಳಾಗಲು ಕೆಲವು ಸೆಕೆಂಡು ಸಾಕು. ನಿಸ್ಸಾನ್ ಇದನ್ನು ತಿಳಿದು ಮುಂದಿನ ಎಂಜಿನ್ನುಗಳಲ್ಲಿ ಆ ಮುಖಗಳನ್ನು ಅಗಲ ಮಾಡಿತು. ಹಳೆಯ ಕ್ರ್ಯಾಂಕಿಗೆ ಒಳ್ಳೆಯ ಲೇತ್ ಅಂಗಡಿಯವರು ಅಗಲವಾದ ಉಕ್ಕಿನ ಬಳೆ ಕೂರಿಸಿಕೊಡುತ್ತಾರೆ, ಜೊತೆಗೆ ಗಟ್ಟಿ ಗಾಲಿಯ ಪಂಪು ಹಾಕಬೇಕು. ಅಸಲಿತನವೇ ದೊಡ್ಡದೆನ್ನುವವರು ಇಲ್ಲಿ ಏನು ಮಾಡುತ್ತಾರೆ? ತಯಾರಿಸಿದವರೇ ತಪ್ಪೆಂದು ಒಪ್ಪಿ ತಿದ್ದಿಕೊಂಡದ್ದನ್ನು ಭಕ್ತಿಯಿಂದ ಉಳಿಸಿಕೊಳ್ಳುವುದೇ? ಬ್ರೇಕಿನ ಕಥೆಯೂ ಇದೇ. ಈ ತೂಕಕ್ಕೂ ವೇಗಕ್ಕೂ ಮೊದಲ ಬ್ರೇಕುಗಳು ಸಾಲವೆಂಬ ದೂರಿತ್ತು. 1993ರ ಫೆಬ್ರುವರಿಯಲ್ಲಿ ಬಂದ ವಿ-ಸ್ಪೆಕ್ ಮಾದರಿಗೆ ಬ್ರೆಂಬೊ ಬ್ರೇಕು, 17 ಇಂಚಿನ ಚಕ್ರ ಬಂದವು. ಐದು ವರ್ಷಗಳ ಉದ್ದಕ್ಕೂ ಕಂಪನಿ ಈ ಕಾರನ್ನು ತಿದ್ದುತ್ತಲೇ ಇತ್ತು. ಹಾಗಿರುವಾಗ ಅಸಲಿ ಎಂದು ಯಾವ ದಿನದ ಕಾರನ್ನು ಕರೆಯುವುದು?

ಬಲ ಬೇಕೆನ್ನುವವರಿಗೂ ಇದೇ ಸಾಕ್ಷಿ ಅಷ್ಟೇ ಕಟುವಾದ ಉತ್ತರ ಕೊಡುತ್ತದೆ. ಬ್ಲಾಕು ತಾಳುತ್ತದೆ, ನಿಜ. ಪಂಪು, ಟರ್ಬೊ, ಹೋಸು, ವೈರುಗಳು ತಾಳುವುದಿಲ್ಲ. ರೇಸಿನ ಜಿಟಿ-ಆರ್ 500ರ ಮೇಲೆ ಓಡಿತಲ್ಲ ಎನ್ನುವವರು ಆ ಎಂಜಿನ್ನುಗಳನ್ನು ತಂಡದ ಮೆಕ್ಯಾನಿಕ್‌ಗಳು ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದುದನ್ನು ಮರೆಯುತ್ತಾರೆ. ಉದ್ದನೆಯ ತಿರುವಿನಲ್ಲಿ ಜೋರಾಗಿ ಹೋಗುವಾಗ ಈ ಎಂಜಿನ್ನಿನ ಆಯಿಲ್ ಮೇಲಿನ ಹೆಡ್ಡಿಗೆ ಬೇಗ ಏರಿ, ತಡವಾಗಿ ಇಳಿಯುತ್ತದೆ. ಕೆಳಗಿನ ಸಂಪು ಬರಿದಾಗಿ ಪಂಪು ಗಾಳಿ ಹೀರುತ್ತದೆ. ಹೆಡ್ಡಿಗೆ ಹೋಗುವ ದಾರಿಯನ್ನು ಕಿರಿದು ಮಾಡುವುದು, ಸಂಪಿನೊಳಗೆ ತಡೆಗೋಡೆ ಕೂರಿಸಿ ಅದನ್ನು ದೊಡ್ಡದು ಮಾಡುವುದು ಇದಕ್ಕೆ ಗೊತ್ತಿರುವ ಮದ್ದು. ಇವು ಒಂದು ಅಶ್ವಶಕ್ತಿಯನ್ನೂ ಹೆಚ್ಚಿಸುವುದಿಲ್ಲ, ಫೋಟೋದಲ್ಲಿ ಕಾಣುವುದೂ ಇಲ್ಲ. ಆದರೂ ಈ ಕಾರಿಗೆ ಮಾಡಬಹುದಾದ ಅತ್ಯುತ್ತಮ ಮಾರ್ಪಾಡುಗಳ ಪಟ್ಟಿಯಲ್ಲಿ ನಾನು ಇವನ್ನೇ ಮೊದಲು ಇಡುತ್ತೇನೆ.

ಇದಕ್ಕೂ ಮೊದಲು ಬರುವ ಕೆಲಸ ಇನ್ನೂ ನೀರಸವಾದದ್ದು: ತುಕ್ಕು. ಮುಂದಿನ ಸಸ್ಪೆನ್ಷನ್ ತಲೆ ಕೂರುವ ಗೂಡು, ಬಾಗಿಲ ಕೆಳಗಿನ ತೊಲೆ, ಜ್ಯಾಕ್ ಕೊಡುವ ಜಾಗ, ಡಿಕ್ಕಿಯ ತಳ, ಇವೆಲ್ಲ ಈ ಕಾರು ಒಳಗೊಳಗೇ ಕೊಳೆಯುವ ತಾಣಗಳು. ಚಳಿಗಾಲದಲ್ಲಿ ಹಿಮ ಕರಗಿಸಲು ಉಪ್ಪು ಚೆಲ್ಲುವ ಊರುಗಳ ಕಾರಾಗಿದ್ದರಂತೂ ಹೇಳುವುದೇ ಬೇಡ. ತುಕ್ಕು ತಿಂದ ತಗಡಿನ ಮೇಲೆ ಪುಟ್ಟಿ ಮೆತ್ತಿದ್ದಾರೆಯೇ ಎಂದು ತಿಳಿಯಲು ಟಿಂಕರಿಂಗ್ ಬಲ್ಲವರು ಅಯಸ್ಕಾಂತ ಹಿಡಿದು ನೋಡುತ್ತಾರೆ. ಪುಟ್ಟಿ ಇದ್ದ ಕಡೆ ಅದು ಕಚ್ಚುವುದಿಲ್ಲ. ಜಿಟಿ-ಆರ್‌ನಲ್ಲಿ ಈ ಪರೀಕ್ಷೆ ಮುಂಭಾಗದಲ್ಲಿ ನಡೆಯದು. ತೂಕ ಉಳಿಸಲು ಬಾನೆಟ್ಟನ್ನೂ ಮುಂದಿನ ಫೆಂಡರುಗಳನ್ನೂ ಅಲ್ಯೂಮಿನಿಯಮ್ಮಿನಲ್ಲಿ ಮಾಡಿದ್ದಾರೆ. ಅಲ್ಲಿ ಅಯಸ್ಕಾಂತ ಕಚ್ಚಿತೆಂದರೆ ಯಾರೋ ಮಾಮೂಲಿ ಸ್ಕೈಲೈನಿನ ಉಕ್ಕಿನ ತಗಡನ್ನು ತಂದು ಹಾಕಿದ್ದಾರೆ ಎಂದೇ ಅರ್ಥ. ಕಾರು ಎಂದೋ ಗುದ್ದಿಸಿಕೊಂಡಿರಬಹುದು. ಆಮೇಲೆ ರಬ್ಬರು. ಇನ್‌ಟೇಕಿನ ಅಡಿಯಲ್ಲಿ ಕೈ ತೂರದ ಸಂದಿಗಳಲ್ಲಿ ನೀರಿನ, ಗಾಳಿಯ, ಪೆಟ್ರೋಲಿನ ಹೋಸುಗಳು ಗಟ್ಟಿಯಾಗಿ ಬಿರಿದಿರುತ್ತವೆ. ಟೈಮಿಂಗ್ ಬೆಲ್ಟು, ವಾಟರ್ ಪಂಪು, ಇಗ್ನಿಷನ್ ಕಾಯಿಲುಗಳ ಪುಡಿಯಾಗುವ ವೈರುಗಳು, ಎರಡು ಏರ್‌ಫ್ಲೋ ಮೀಟರುಗಳೊಳಗೆ ಬಿರುಕು ಬಿಟ್ಟ ಬೆಸುಗೆ, ಎಲ್ಲವನ್ನೂ ಒಂದೊಂದಾಗಿ ನೋಡಬೇಕು. ಇವನ್ನು ಹಾಗೇ ಬಿಟ್ಟು ಟರ್ಬೊ ಹಾಕುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದ ಹಾಗೆ.

ಒಂದು ಬದಲಾವಣೆ ಎಲ್ಲೋ ದೂರದ ಇನ್ನೊಂದು ಅಂಗವನ್ನು ತಟ್ಟುತ್ತದೆ ಎನ್ನುವುದಕ್ಕೂ ಈ ಕಾರೇ ಉದಾಹರಣೆ. ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಹೋಗುವ ಶಕ್ತಿಯಲ್ಲಿ ಗರಿಷ್ಠ ಅರ್ಧವನ್ನು ಬೇಕಾದಾಗ ಮುಂದಕ್ಕೆ ಕಳಿಸುವ ಅಟೆಸಾ ಎಂಬ ವ್ಯವಸ್ಥೆ ಇದರಲ್ಲಿದೆ. ನಾಲ್ಕು ಚಕ್ರಗಳ ವೇಗವನ್ನು ಹೋಲಿಸಿ, ಹಿಂದಿನವು ಜಾರುತ್ತಿವೆಯೇ ಎಂದು ಅದು ತಿಳಿಯುತ್ತದೆ. ಅಂದಕ್ಕೆಂದು ಹಿಂದೆ ಸುತ್ತಳತೆ ಬೇರೆಯಾದ ಟೈರು ಹಾಕಿದರೆ, ನೇರ ರಸ್ತೆಯಲ್ಲೂ ಚಕ್ರ ಜಾರುತ್ತಿದೆ ಎಂದು ವ್ಯವಸ್ಥೆ ತಪ್ಪು ತಿಳಿಯುತ್ತದೆ. ಒಳಗಿನ ಕ್ಲಚ್ಚು ಸುಮ್ಮನೆ ಸವೆಯುತ್ತದೆ. ಟೈರಿನಂಥ ಸರಳ ಬದಲಾವಣೆಯೇ ಇಷ್ಟು ಮಾಡಬಹುದಾದರೆ ಎಂಜಿನ್ನಿನ ಕಂಪ್ಯೂಟರಿಗೆ ಕೈ ಹಾಕುವವರು ಎಷ್ಟು ಓದಿಕೊಂಡಿರಬೇಕು!

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಸುಮ್ಮನೆ ತಳ್ಳಿಹಾಕುವಂಥವಲ್ಲ. ಅಮೆರಿಕದಲ್ಲಿ 25 ವರ್ಷ ದಾಟಿದ ಕಾರನ್ನು ಸುರಕ್ಷತಾ ನಿಯಮಗಳ ಅಡ್ಡಿಯಿಲ್ಲದೆ ತರಿಸಿಕೊಳ್ಳಬಹುದು. 2014ರಿಂದ ಆರ್32ಗೆ ಆ ಬಾಗಿಲು ತೆರೆಯಿತು, ಬೆಲೆಯೂ ಏರುತ್ತ ಹೋಯಿತು. ಅಸಲಿ ಸ್ಥಿತಿಯ ಕಾರಿಗೇ ಹೆಚ್ಚು ಬೆಲೆ, ಹಾಗಿರುವಾಗ ಮಾರ್ಪಾಡು ನಷ್ಟವಲ್ಲವೇ ಎನ್ನುವುದು ಮೊದಲ ಆಕ್ಷೇಪ. ಹಣದ ಲೆಕ್ಕದಲ್ಲಿ ಇದು ಸರಿ. ಅದಕ್ಕೇ, ಹಿಂದಕ್ಕೆ ತಿರುಗಿಸಲಾಗುವ ಬದಲಾವಣೆಗೆ ಮೊದಲ ಮರ್ಯಾದೆ ಕೊಡಬೇಕು. ತೆಗೆದ ಟರ್ಬೊ, ಬ್ರೇಕು, ಸ್ಟೀರಿಂಗನ್ನು ಗುರುತು ಬರೆದ ಡಬ್ಬಿಯಲ್ಲಿ ಜೋಪಾನ ಮಾಡಬೇಕು. ತಗಡು ಕತ್ತರಿಸುವುದನ್ನು, ಹೊಸ ತೂತು ಕೊರೆಯುವುದನ್ನು ಆದಷ್ಟು ಬಿಡಬೇಕು. 2017ರಲ್ಲಿ ನಿಸ್ಸಾನಿನ ನಿಸ್ಮೊ ವಿಭಾಗ ಆರ್32ಗೆ ಬೇಕಾದ ಹಳೆಯ ಭಾಗಗಳನ್ನು ಮತ್ತೆ ತಯಾರಿಸತೊಡಗಿದ್ದರಿಂದ ಹೋಸು, ವೈರಿಂಗುಗಳಂಥ ಕೆಲಸಕ್ಕೆ ಅಸಲಿ ಭಾಗವೇ ಸಿಗುವ ಅನುಕೂಲವಾಗಿದೆ. ಅಲ್ಲೆಲ್ಲ ಅಸಲಿಯೇ ಹಾಕಲಿ. ಆದರೆ ಕ್ರ್ಯಾಂಕಿನ ಕಿರಿದಾದ ಮುಖವನ್ನು ಹಾಗೇ ಉಳಿಸಿದರೆ ಬೆಲೆಬಾಳುವ ಕಾರಿನ ಅಸಲಿ ಎಂಜಿನ್ನೇ ಕೈಬಿಟ್ಟುಹೋಗಬಹುದು.

ಎರಡನೆಯದು, ಇಷ್ಟು ಜಟಿಲವಾದದ್ದನ್ನು ಮನೆಯಲ್ಲಿ ಮಾಡುವುದೇ ಹುಚ್ಚು, ಪರಿಣತರಿಗೆ ಬಿಡಬಾರದೇ ಎಂಬ ಮಾತು. ಕೆಲವು ಕೆಲಸಗಳನ್ನು ಬಿಡಲೇಬೇಕು. ಕ್ರ್ಯಾಂಕಿನ ಲೇತ್ ಕೆಲಸ, ಭಾರ ಹೊರುವ ತೊಲೆಗಳ ವೆಲ್ಡಿಂಗು, ಶಕ್ತಿ ಅಳೆಯುವ ಡೈನೊ ಮೇಲೆ ಇಂಧನ ಮತ್ತು ಕಿಡಿಯ ಟ್ಯೂನಿಂಗು ಮನೆಯವಲ್ಲ. ಉಳಿದ ಬಹುಪಾಲಿಗೆ ಬೇಕಾದದ್ದು ಸರ್ವಿಸ್ ಕೈಪಿಡಿ, ಟಾರ್ಕ್ ರೆಂಚು, ಗಟ್ಟಿ ಸ್ಟ್ಯಾಂಡುಗಳು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿ ಎಂದಿಗೂ ಹೋಗಬಾರದು. ಇವೆಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಸಮಯ. ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಗ್ಯಾರೇಜು ಪ್ರತಿ ಹೋಸನ್ನೂ ಕಿತ್ತು ನೋಡಿದರೆ ಯಾವ ಗಿರಾಕಿಗೂ ಬಿಲ್ಲು ಭರಿಸಲಾಗದು. ಮನೆಯಲ್ಲಿ ತನ್ನ ಕಾರಿಗೆ ತಾನೇ ಕೂತವರು ನೋಡಬಲ್ಲರು. ಈ ಕಾರು ಕೇಳುವುದೂ ಅಂಥ ನಿಧಾನದ ಗಮನವನ್ನೇ.

ಕರ್ನಾಟಕದಲ್ಲಿ ಆರ್32ನ್ನು ಮನೆಗೆ ತಂದು ಕಟ್ಟುವುದು ಆಗದ ಮಾತು. ನಮ್ಮ ಆಮದು ನಿಯಮದಲ್ಲಿ ಬಳಸಿದ ಕಾರಿನ ವಯಸ್ಸು ಸಾಮಾನ್ಯವಾಗಿ ಮೂರು ವರ್ಷ ಮೀರುವಂತಿಲ್ಲ. ಮೆಲ್ಬರ್ನಿನಲ್ಲೋ ಟೆಕ್ಸಾಸಿನಲ್ಲೋ ಮನೆ ಮಾಡಿಕೊಂಡ ಕನ್ನಡಿಗರಿಗೆ ಮಾತ್ರ ಆ ಅವಕಾಶ. ಆದರೆ ಇಲ್ಲೂ ಹಳೆಯ ಜಪಾನೀ ಕಾರಿನ ಮೇಲಿನ ಪ್ರೀತಿಗೆ ಬರವಿಲ್ಲ. 2000ದ ಹೊತ್ತಿಗೆ ಬಂದ 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್ ಅನ್ನು ಇಂದಿಗೂ ಜೋಪಾನ ಮಾಡುವವರಿದ್ದಾರೆ. ಅವರ ಮೇಲೆ ಕಾನೂನಿನ ಕಣ್ಣೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸುವ, ಬಾಡಿಯ ರೂಪ ಮಾರ್ಪಡಿಸುವ ಆಸೆಗೆ ಇದು ಅಡ್ಡಗೋಡೆ. ಗಟ್ಟಿಯಾದ ಹೋಸು, ಹಿಗ್ಗಿದ ಬುಷ್ಷು, ಸೋರುವ ರೇಡಿಯೇಟರು, ಸವೆದ ಟೈಮಿಂಗ್ ಬೆಲ್ಟು, ದಣಿದ ಬ್ರೇಕುಗಳನ್ನು ಹೊಸದು ಮಾಡುವುದಕ್ಕೆ ಯಾವ ಕಲಮೂ ಅಡ್ಡ ಬರುವುದಿಲ್ಲ, ಮತ್ತು ಇಪ್ಪತ್ತೈದು ವರ್ಷದ ಸಿಟಿಯೊಂದು ಹೊಸದರಲ್ಲಿ ಓಡುತ್ತಿದ್ದಂತೆ ಮತ್ತೆ ಓಡಬೇಕಾದರೆ ಮೊದಲು ಆಗಬೇಕಾದ ಕೆಲಸವೂ ಅಷ್ಟೇ.