ಬಾಡಿಗೆ ಕಂತು ಕಟ್ಟುತ್ತದೆಯೇ?

“ಬಾಡಿಗೆ ಬರುತ್ತಲ್ಲ, ಅದೇ ಬ್ಯಾಂಕಿನ ಕಂತು ಕಟ್ಟುತ್ತೆ.” ಬೆಂಗಳೂರಿನಲ್ಲಿ ಫ್ಲ್ಯಾಟು ನೋಡಲು ಹೋದವರಲ್ಲಿ ಈ ಮಾತು ಕೇಳದವರು ಕಡಿಮೆ. ನಿವೃತ್ತಿಯ ಗಂಟನ್ನೆಲ್ಲ ಇದೊಂದನ್ನೇ ನಂಬಿ ಸುರಿದವರನ್ನು ಕಂಡು ಸಂಕಟಪಟ್ಟಿದ್ದೇನೆ. ಹಾಗಾಗಿ ಮೊದಲು ಲೆಕ್ಕ ಹಾಕೋಣ.

ಫ್ಲ್ಯಾಟಿನ ಬೆಲೆ 80 ಲಕ್ಷ, ಬಾಡಿಗೆ 25,000 ಎಂದುಕೊಳ್ಳಿ. 60 ಲಕ್ಷ ಸಾಲವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು 52,000 ದಾಟುತ್ತದೆ. ಬಾಡಿಗೆ ಅದರ ಅರ್ಧಕ್ಕೂ ಸಾಲದು. ಸಾಲವಿಲ್ಲದೆ ಕೊಂಡರೂ ವರ್ಷದ 3 ಲಕ್ಷ ಪೂರ್ತಿ ಕೈಗೆ ಬರುವುದಿಲ್ಲ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಬೀಗ ಬಿದ್ದರೆ 25,000 ಹೋಯಿತು. ಮೇಂಟೆನೆನ್ಸ್ ನೀವೇ ಕಟ್ಟುವುದಾದರೆ ತಿಂಗಳಿಗೆ 3,000ದಂತೆ 36,000. ಆಸ್ತಿ ತೆರಿಗೆಗೆ 8,000, ಗೀಸರು, ನಲ್ಲಿ, ಬಣ್ಣಕ್ಕೆ 15,000 ಇಡಿ. ಉಳಿದದ್ದು 2,16,000. ಹಾಕಿದ ಹಣವೂ 80 ಲಕ್ಷವಲ್ಲ. ಮುದ್ರಾಂಕ, ನೋಂದಣಿ ಶುಲ್ಕ ಸೇರಿ 86 ಲಕ್ಷದ ಹತ್ತಿರ. ನೂರಕ್ಕೆ ಎರಡೂವರೆ ರೂಪಾಯಿ ಬಿತ್ತು. ಬೆಲೆ ಏರಬಹುದು, ಆದರೆ ಅದು ಮಾರಿದ ದಿನ ಸಿಗುವ ದುಡ್ಡು, ಈ ತಿಂಗಳ ಔಷಧಿ ಖರ್ಚಿಗೆ ಒದಗುವುದಿಲ್ಲ.

ಬಣ್ಣ ಹೊಡೆಸಿದ ಬಿಲ್ಲು ತೋರಿಸಿ ಆದಾಯ ತೆರಿಗೆ ಇಳಿಸಿಕೊಳ್ಳಬಹುದು ಎಂಬುದೂ ತಪ್ಪು. ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದದ್ದಕ್ಕೆ ಶೇ. 30 ವಿನಾಯಿತಿ ಹೇಗೂ ಸಿಗುತ್ತದೆ, ರಿಪೇರಿಗೆ ಖರ್ಚು ಮಾಡಿರಿ, ಬಿಡಿರಿ.

ಮಾಡ್ಯುಲರ್ ಅಡುಗೆಮನೆ ಮಾಡಿಸಿದರೆ ಬಾಡಿಗೆ ಏರುತ್ತದೆ ಎನ್ನುತ್ತಾರೆ. 2 ಲಕ್ಷ ಖರ್ಚು ಮಾಡಿ ತಿಂಗಳಿಗೆ ಸಾವಿರ ಹೆಚ್ಚು ಸಿಕ್ಕರೆ, ಹಾಕಿದ್ದು ಹಿಂದೆ ಬರಲು 16 ವರ್ಷ ಮೀರುತ್ತದೆ. ಒಳ್ಳೆಯ ಬಾಡಿಗೆದಾರರು ಮನೆ ಬಿಡುವುದು ನೀರಿಗೆ, ಗೋಡೆಯ ತೇವಕ್ಕೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿದ ಬಡಾವಣೆಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಕೊಳ್ಳುವ ಮೊದಲು ಏಪ್ರಿಲ್‌ನಲ್ಲಿ ಒಮ್ಮೆ, ಜೋರು ಮಳೆಯ ಮರುದಿನ ಒಮ್ಮೆ ಹೋಗಿ ನೋಡಿ. ಟ್ಯಾಂಕರಿಗೆ ಎಷ್ಟು ಕೊಡುತ್ತಾರೆಂದು ಅಲ್ಲಿರುವವರನ್ನೇ ಕೇಳಿ. ಬಾಡಿಗೆಗೆ ಕೊಡುವ ಮುನ್ನ ಸಂಪು ತೊಳೆಸಿ, ಸೋರುವ ಪೈಪು ಬದಲಿಸಿ, ವೈರಿಂಗ್ ಪರೀಕ್ಷೆ ಮಾಡಿಸಿ, ಕಿಟಕಿಗೆ ಸೊಳ್ಳೆಪರದೆ ಹಾಕಿಸಿ. ಇಷ್ಟಕ್ಕೆ ಅಡುಗೆಮನೆಯಷ್ಟು ಖರ್ಚಿಲ್ಲ.

11 ತಿಂಗಳ ಕರಾರು ಮುಗಿದರೆ ಮರುದಿನವೇ ಬೀಗ ಹಾಕಬಹುದೆಂದು ನಂಬಿದವರಿದ್ದಾರೆ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆ ನೋಂದಣಿ ಕಡ್ಡಾಯ ಮಾಡಿದೆ. ಅದನ್ನು ತಪ್ಪಿಸಲು ಬಂದ ರೂಢಿ ಈ 11 ತಿಂಗಳು, ಅಷ್ಟೇ. ಬಿಡಲೊಲ್ಲದವರನ್ನು ಬಿಡಿಸಲು ನ್ಯಾಯಾಲಯಕ್ಕೇ ಹೋಗಬೇಕು.

ಎಲ್ಲಕ್ಕಿಂತ ಅಪಾಯದ ನಂಬಿಕೆ, “ಖಾತೆ, ಇಸಿ (ಋಣಭಾರ ಪ್ರಮಾಣಪತ್ರ) ಸರಿಯಿದ್ದರೆ ಸಾಕು” ಎಂಬುದು. ಖಾತೆ ತೆರಿಗೆಯ ದಾಖಲೆ, ಒಡೆತನದ ಪತ್ರವಲ್ಲ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನಮ್ಮಲ್ಲಿ ಭೋಗ್ಯದ, ಅಂದರೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ, ಕರಾರು ಎಷ್ಟೋ ಸಲ ಬರೀ ಛಾಪಾ ಕಾಗದದಲ್ಲೇ ಮುಗಿದಿರುತ್ತದೆ. ಹಳೆಯ ಮಾಲೀಕ 15 ಲಕ್ಷ ಭೋಗ್ಯಕ್ಕೆ ಪಡೆದಿದ್ದರೆ ಇಸಿಯಲ್ಲಿ ಅದರ ಸುಳಿವೂ ಇರುವುದಿಲ್ಲ, ಒಳಗಿರುವ ಕುಟುಂಬ ಮಾತ್ರ ಹಣ ಬರುವವರೆಗೆ ಏಳುವುದಿಲ್ಲ. ಅವರ ತಪ್ಪೂ ಅಲ್ಲ, ಅದು ಅವರ ಜೀವಮಾನದ ಉಳಿತಾಯ. ಆದ್ದರಿಂದ ಮುಂಗಡ ಕೊಡುವ ಮೊದಲು ಆ ಮನೆಯ ಬಾಗಿಲು ತಟ್ಟಿ, ಬಾಡಿಗೆಗೋ ಭೋಗ್ಯಕ್ಕೋ, ಎಷ್ಟು ಕೊಟ್ಟಿರಿ, ಯಾರ ಕೈಗೆ ಎಂದು ಕೇಳಿ. ಆ ಮೊತ್ತವನ್ನು ಬೆಲೆಯಲ್ಲಿ ಮುರಿದುಕೊಂಡು, ಕ್ರಯಪತ್ರದಲ್ಲೇ ಬರೆಸಿ.